ಕಲಿಯುವ ಕೈಗೆ ಕೊಟ್ಟ ಕೈ

ಸುತ್ತಿಗೆ ಕೈಯಿಂದ ಜಾರಿ ಬಿತ್ತು. ಎತ್ತಿಕೊಂಡೆ. ಮತ್ತೆ ಬಿತ್ತು.

ಬಲಗೈಯ ಹೆಬ್ಬೆರಳು, ಅದರ ಪಕ್ಕದ ಎರಡು ಬೆರಳು ಜೋಮು ಹಿಡಿದಿದ್ದವು. ಶಿವಾರಪಟ್ಟಣದಲ್ಲಿ ವಿಗ್ರಹ ಕೆತ್ತುವವರಿಗೆ ಕೈನೋವು ಹೊಸದಲ್ಲ. ಎಣ್ಣೆ ತಿಕ್ಕಿಕೊಂಡು ಸುಮ್ಮನಿದ್ದೆ. ಕೊನೆಗೆ ಅಂಗಿಯ ಗುಂಡಿ ಹಾಕಲೂ ಹೆಂಡತಿ ಸರೋಜ ಬರಬೇಕಾದಾಗ ಕೋಲಾರದ ದೊಡ್ಡ ಆಸ್ಪತ್ರೆಗೆ ಹೋದೆವು.

ಕಾರ್ಪಲ್ ಟನಲ್ ಅಂದರು. ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿದೆ, ಆಪರೇಷನ್ ಆಗಬೇಕು.

"ಡಾಕ್ಟರ್ ನಾಜಿಯಾ ಮಾಡ್ತಾರೆ, ನಾನು ಪಕ್ಕದಲ್ಲೇ ಇರ್ತೀನಿ. ಬೇಡ ಅಂದ್ರೆ ನಾನೇ ಮಾಡ್ತೀನಿ" ಎಂದರು ದೊಡ್ಡ ಡಾಕ್ಟರು.

ನಾಜಿಯಾ ಮುಳಬಾಗಿಲಿನ ಹುಡುಗಿ. ಸರ್ಜರಿ ಇನ್ನೂ ಕಲಿಯುತ್ತಿದ್ದಾಳೆ.

"ಇಂಥ ಆಪರೇಷನ್ ಎಷ್ಟು ಮಾಡಿದೀರಮ್ಮ?" ಎಂದು ಆಕೆಯನ್ನೇ ಕೇಳಿದೆ.

"ಪಕ್ಕದಲ್ಲಿ ನಿಂತು ತುಂಬ ನೋಡಿದೀನಿ. ನಾನೇ ಬ್ಲೇಡ್ ಹಿಡಿಯೋದು ಇದೇ ಮೊದಲು."

"ಮತ್ತೆ ಕಲಿಯೋದೆಲ್ಲಿ?"

"ಹೊಲಿಗೆ ಕೋಳಿ ಕಾಲಿನ ಮೇಲೆ ಕಲಿತ್ವಿ. ಆಮೇಲೆ ನಿಮ್ಮಂಥೋರ ಮೇಲೇ."

ಸರೋಜ ಸಿಡುಕಿದಳು. "ಕಲಿಯೋಕೆ ನಿಮ್ ಕೈನೇ ಬೇಕಿತ್ತಾ ಇವ್ರಿಗೆ?"

ನನಗೂ ಭಯವಿತ್ತು. ಆದರೆ ಕುತೂಹಲ ಅದಕ್ಕಿಂತ ಹೆಚ್ಚು. ನಮ್ಮ ಶೆಡ್ಡಿನಲ್ಲಿ ಹೊಸಬರಿಗೆ ವಿಗ್ರಹದ ಮುಖ ಮುಟ್ಟಲು ಬಿಡುವುದಿಲ್ಲ. ವರ್ಷಗಟ್ಟಲೆ ಪೀಠ ಕೆತ್ತಬೇಕು. ಕೆಟ್ಟ ಕಲ್ಲು ಬಟ್ಟೆ ಒಗೆಯುವುದಕ್ಕಾದರೂ ಆಗುತ್ತದೆ. ನನ್ನ ಕೈ ಕೆಟ್ಟರೆ ಯಾವುದಕ್ಕಾದೀತು? ಪಾಪ, ಇವರಿಗೆ ಪೀಠವೇ ಇಲ್ಲ, ಮೊದಲ ದಿನವೇ ಮುಖ!

"ದೊಡ್ಡೋರು ಪಕ್ಕ ಬಿಟ್ಟು ಕದಲಬಾರ್ದು" ಎಂದು ಒಪ್ಪಿದೆ.

ಕೈಗೆ ಮಾತ್ರ ಅನಸ್ತೇಶಿಯಾ. ನಡುವೆ ಹಸಿರು ಪರದೆ. ಕಣ್ಣಿಗೆ ಕಾಣದಿದ್ದರೂ ಕಿವಿ ಅಲ್ಲೇ ಇತ್ತು.

"ಸಾರ್, ಬ್ಲೇಡ್ ಇಳೀತಿಲ್ಲ. ಸ್ಕಿನ್ ತುಂಬ ಗಟ್ಟಿ. ನಿಲ್ಲಿಸಿದೀನಿ."

ಸುತ್ತಿಗೆ ಹಿಡಿದು ಹಿಡಿದು ಜಡ್ಡುಗಟ್ಟಿದ ಅಂಗೈ ನನ್ನದು. ಮೆತ್ತನೆಯ ಅಂಗೈಗೆ ಒತ್ತುವಷ್ಟೇ ಆಕೆ ಒತ್ತಿರಬೇಕು.

"ಕೊಡಿ, ನಾನು ಮಾಡ್ತೀನಿ" ಎಂದರು ದೊಡ್ಡವರು.

ನನಗೆ ಬೇಕಾಗಿದ್ದುದೂ ಅದೇ ತಾನೆ? ಆದರೂ ಬಾಯಿಗೆ ಬಂದದ್ದು ಬೇರೆ.

"ಆಯಮ್ಮನೇ ಮಾಡ್ಲಿ ಸಾರ್."

ಉಳಿ ಇಳಿಯದಾಗ ಇನ್ನೂ ಜೋರಾಗಿ ಹೊಡೆಯುವವನೇ ವಿಗ್ರಹದ ಮೂಗು ಮುರಿಯುವುದು. ಈ ಹುಡುಗಿ ನಿಲ್ಲಿಸಿ ಕೇಳಿದ್ದಳು.

ಆಮೇಲೆ ದೊಡ್ಡವರು, "ಸರಿ. ಇನ್ನೊಂಚೂರು ಒತ್ತಿ. ಹ್ಞಾ, ಸಾಕು" ಎಂದರು.

ಹೊಲಿಗೆ ಬಿಚ್ಚಿಯಾಯಿತು. ಹಿಡಿತ ಇನ್ನೂ ಪೂರ್ತಿ ಬಂದಿಲ್ಲ, ನಿಧಾನವಾಗಿ ಬರಬಹುದು ಎನ್ನುತ್ತಾರೆ. ನಿನ್ನೆ ಶೆಡ್ಡಿಗೆ ಹೋಗಿ, ಅರ್ಧಕ್ಕೆ ನಿಂತಿದ್ದ ಅಮ್ಮನವರ ವಿಗ್ರಹದ ಕೆನ್ನೆ ಸವರಿದೆ. ಒಂದು ಕಡೆ ತರಿತರಿ, ಒಂದು ಕಡೆ ನುಣುಪು. ಜೋಮು ಹಿಡಿದಿದ್ದ ಬೆರಳುಗಳಿಗೆ ಎರಡೂ ತಿಳಿದವು. ಅಳು ಬಂದುಬಿಟ್ಟಿತು.

ಜೊತೆಗೆ ಬಂದಿದ್ದ ಸರೋಜ ನನ್ನನ್ನೇ ನೋಡುತ್ತ ನಿಂತಿದ್ದಳು.

"ಆ ಹುಡುಗೀಗೆ ಫೋನ್ ಮಾಡಿ ಹೇಳ್ರೀ" ಎಂದಳು.