ಗಾದೆಮ್ಮ ಆರಿಸಿಕೊಟ್ಟ ಎಂಜಿನ್

ಬೆಳಕು ಹರಿಯುವ ಹೊತ್ತು. ತಂಬ್ರಹಳ್ಳಿ ಕಡೆಯ ಹಿನ್ನೀರಿನ ದಂಡೆಯಲ್ಲಿ ಗಾದೆಮ್ಮ ಮೊಣಕಾಲುದ್ದ ನೀರಿಗಿಳಿದು ನಿಂತಿದ್ದಾರೆ. ದೋಣಿಯ ಹಿಂಬದಿಗೆ ಬಿಗಿದ ಎಂಜಿನ್ನಿನಿಂದ, ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬೊರೇಟರ್ ಬಿಚ್ಚಿ, ಅದರ ಸಣ್ಣ ತೂತನ್ನು ಬಾಯಿಂದ ಊದಿ, ಬೆಳಕಿಗೆ ಹಿಡಿದು ನೋಡುತ್ತಾರೆ. ಮತ್ತೆ ಜೋಡಿಸಿ ಹಗ್ಗ ಎಳೆದರೆ ಎಂಜಿನ್ ಹತ್ತಿಕೊಳ್ಳುತ್ತದೆ. ಕಾದು ನಿಂತ ಮೀನುಗಾರ ಬಲೆಯೊಂದಿಗೆ ಹೊರಡುತ್ತಾನೆ. ಇಂಥ ಮೂವತ್ತೆಂಟು ಎಂಜಿನ್‌ಗಳ ಹೊಣೆ ಐವತ್ತೊಂದು ವರ್ಷದ ಗಾದೆಮ್ಮನದು. ದಿನಕ್ಕೆ ನಾಲ್ಕಾದರೂ ಬಿಚ್ಚಿ ಕಟ್ಟುತ್ತಾರೆ.

ತಂದೆ ಮರುಳಪ್ಪ ಪಂಪ್‌ಸೆಟ್ ರಿಪೇರಿ ಮಾಡುತ್ತಿದ್ದರು. ಅವರ ಕಣ್ಣು ಮಂಜಾದಾಗ ಪಾನಾ ಮಗಳ ಕೈಗೆ ಬಂತು. ಹೆಂಗಸಿನ ಕೈಗೆ ಎಂಜಿನ್ ಕೊಡಲು ಹಿಂಜರಿದವರೇ ಈಗ ಆಕೆ ಪರಊರಿಗೆ ಹೋದರೆ ಬರುವ ತನಕ ಕಾಯುತ್ತಾರೆ.

ಎರಡು ವರ್ಷದ ಹಿಂದಿನ ಒಂದು ದಿನವನ್ನು ಮಾತ್ರ ಗಾದೆಮ್ಮ ಮರೆತಿಲ್ಲ. ಆಚೆ ದಂಡೆಗೆ ಜನರನ್ನು ದಾಟಿಸುವ ಕಾಂತೇಶ್ ಅವರ ದೋಣಿಯಲ್ಲಿ ಹನ್ನೊಂದು ಮಂದಿಯಿದ್ದರು. ಅವರಲ್ಲಿ ಅರ್ಚನಾ ಎಂಬ ತುಂಬು ಬಸುರಿ, ನೋವು ಶುರುವಾಗಿ ಆಸ್ಪತ್ರೆಗೆ ಹೊರಟವಳು. ನಡುನೀರಿನಲ್ಲಿ ಎಂಜಿನ್ನಿನ ತಿರುಗುವ ರೆಕ್ಕೆಗೆ ಹರಕು ಬಲೆ ಸುತ್ತಿಕೊಂಡಿತು. ಎಂಜಿನ್ ನಿಲ್ಲಿಸಿ ಅದನ್ನು ಬಿಡಿಸಿದ ಕಾಂತೇಶ್ ಮತ್ತೆ ಹಗ್ಗ ಎಳೆದರೆ ಎಂಜಿನ್ ಹತ್ತಲೇ ಇಲ್ಲ. ಎಳೆದಂತೆಲ್ಲ ಕಾರ್ಬೊರೇಟರ್‌ನಿಂದ ಪೆಟ್ರೋಲ್ ಉಕ್ಕಿತು. ಎದುರುಗಾಳಿಯಲ್ಲಿ ಹುಟ್ಟು ಹಾಕುತ್ತ ದಡ ಸೇರಲು ಒಂದೂವರೆ ತಾಸು ಹಿಡಿಯಿತು. ಪುಣ್ಯಕ್ಕೆ ತಾಯಿ ಮಗು ಇಬ್ಬರೂ ಉಳಿದರು.

ಕಾರ್ಬೊರೇಟರ್ ಒಳಗೆ ಪೆಟ್ರೋಲ್ ತಡೆಯುವ ಸೂಜಿಯಂಥ ಮುಳ್ಳು ಸವೆದಿತ್ತು. "ಅದು ಸವದದ್ದು ನಾ ನೋಡಿದ್ದೆ. ಇನ್ನೊಂದು ತಿಂಗ್ಳು ನಡಿತೈತಿ ಅಂತ ಬಿಟ್ಟಿದ್ದೆ. ತಪ್ಪು ನಂದ ಐತಿ," ಎನ್ನುತ್ತಾರೆ ಗಾದೆಮ್ಮ. ಅವತ್ತೂ ದಂಡೆಯ ಮೇಲೆ ಎಲ್ಲರೆದುರು ಹಾಗೇ ಹೇಳಿದ್ದರು.

ಕಾಂತೇಶ್ ಹೊಸ ಎಂಜಿನ್ ಕೊಳ್ಳಲು ಹೊರಟಾಗ, ಯಾವುದೆಂದು ಆರಿಸುವ ಕೆಲಸವನ್ನು ಗಾದೆಮ್ಮನಿಗೇ ಒಪ್ಪಿಸಿದರು. ಕಾರ್ಬೊರೇಟರ್ ಬದಲು ಫ್ಯೂಯೆಲ್ ಇಂಜೆಕ್ಷನ್ ಇದ್ದರೆ ಸಣ್ಣ ಕಂಪ್ಯೂಟರೊಂದು ಪೆಟ್ರೋಲನ್ನು ಅಳೆದು ಬಿಡುತ್ತದೆ, ಓಡಿ ಬಿಸಿಯಾದ ಎಂಜಿನ್ನೂ ಒಂದೇ ಎಳೆತಕ್ಕೆ ಹತ್ತುತ್ತದೆ. ಆದರೆ ಕೆಟ್ಟರೆ ಲ್ಯಾಪ್‌ಟಾಪ್ ಜೋಡಿಸಿ ನೋಡಬೇಕು. ಆ ವಿದ್ಯೆ ಗಾದೆಮ್ಮನಿಗೆ ಗೊತ್ತಿರಲಿಲ್ಲ. ತನ್ನ ಕೆಲಸ ಉಳಿಸಿಕೊಳ್ಳಲು ಕಾರ್ಬೊರೇಟರ್ ಎಂದೇ ಹೇಳುತ್ತಾರೆ ಎಂದು ದಂಡೆಯಲ್ಲಿ ಎಲ್ಲರೂ ಎಣಿಸಿದ್ದರು. ಆಕೆ ಬಸ್ಸು ಹತ್ತಿ ಹೊಸಪೇಟೆಯ ಎಂಜಿನ್ ಅಂಗಡಿಗೆ ಹೋದರು. ನಾಲ್ಕು ದಿನ ಕೂತು ನೋಡಿ ಬಂದರು.

"ಮೀನಿಗೆ ಬಲಿ ಹಾಕೋರಿಗೆ ಕಾರ್ಬೇಟರ್ ಇರ್ಲಿ. ನಿಂತ್ರ ಅವ್ರ ಬಿಚ್ಚಿ ಊದ್ಕೊಂತಾರ. ನಿನ್ನ ದೋಣ್ಯಾಗ ಮಂದಿ ಇರ್ತಾರ ತಮ್ಮಾ, ನೀನು ಇಂಜೆಕ್ಷನ್ನ ತಗೋ," ಎಂದರು ಕಾಂತೇಶ್‌ಗೆ.

"ಅದು ಕೆಟ್ರ ನಿನ್ನ ಕೈಗೆ ಬರಂಗಿಲ್ಲಲ್ಲಕ್ಕಾ?"

"ಕಲಿತೀನಿ. ನನಗ ಬರಂಗಿಲ್ಲ ಅಂತ ಮಂದೀನ ನೀರಾಗ ನಿಲ್ಸಾಕ ಆಕ್ಕತೇನು?"

ಹೇಳಿದಂತೆ ಕಲಿತರು. ಆರು ತಿಂಗಳು ವಾರಕ್ಕೊಮ್ಮೆ ಹೊಸಪೇಟೆಗೆ ಓಡಾಡಿದರು. ಅಂಗಡಿಯ ಹುಡುಗರು ಮೊದಲು ಚಹಾ ತರಲು ಹೇಳಿದರು, ಆಮೇಲೆ ಪಕ್ಕದಲ್ಲಿ ಕೂರಿಸಿಕೊಂಡು ಹೇಳಿಕೊಟ್ಟರು. ಕಾಂತೇಶ್ ಅವರ ಹೊಸ ಎಂಜಿನ್ ಇದುವರೆಗೆ ಒಮ್ಮೆಯೂ ನಡುದಾರಿಯಲ್ಲಿ ನಿಂತಿಲ್ಲ. ಈಗ ಹಡಗಲಿ ಕಡೆಯಿಂದಲೂ ಎಂಜಿನ್‌ಗಳು ಗಾದೆಮ್ಮನ ಬಳಿ ರಿಪೇರಿಗೆ ಗಾಡಿಯಲ್ಲಿ ಬರುತ್ತವೆ.

ಪತ್ರಿಕೆಯಲ್ಲಿ ಏನು ಬರೆಯಬೇಕೆಂದು ಕೇಳಿದರೆ ಗಾದೆಮ್ಮ ಕೈಯ ಎಣ್ಣೆ ಒರೆಸಿಕೊಳ್ಳುತ್ತಾರೆ.

"ಈ ದಂಡಿ ಮ್ಯಾಲ ಎರಡೂ ನಮೂನಿ ಎಂಜಿನ್ ಬಿಚ್ಚೋಕಿ ನಾನೊಬ್ಬಾಕಿನ ಅದೀನಿ. ಅಷ್ಟ ಬರ್ಕೊಳ್ರಿ."