ಎಣಿಸಲೊಲ್ಲದ ಅಕ್ಕ

ಅಕ್ಕನ ಬಲಗೈಯ ಹೆಬ್ಬೆರಳು, ತೋರುಬೆರಳು ಎರಡೂ ಕರ್ರಗೆ ಮಿರುಗುತ್ತಿದ್ದವು. ನಲವತ್ತು ವರ್ಷ ಕರಿ ಉಣ್ಣೆ ಹಿಂಜಿ, ತಕಲಿಯಲ್ಲಿ ನೂಲು ತೆಗೆದು, ಕುರಿಯ ಮೈಯ ಜಿಡ್ಡು ಚರ್ಮದೊಳಕ್ಕೇ ಇಳಿದಿತ್ತು. ಮಿಕ್ಕ ಎಂಟು ಬೆರಳು ಬೇರೆ ಯಾರದೋ, ಇವೆರಡು ಮಾತ್ರ ಅವಳವು ಎನ್ನುವ ಹಾಗೆ.

ತಾಲ್ಲೂಕು ಪಂಚಾಯ್ತಿ ಚುನಾವಣೆಗೆ ನಮ್ಮ ಪಕ್ಷದ ಟಿಕೆಟ್ ಯಾರಿಗೆ ಎಂದು ಸದಸ್ಯರೇ ಓಟು ಹಾಕಿ ತೀರ್ಮಾನಿಸುವ ದಿನ, ಬಿ.ಜಿ. ಕೆರೆಯ ಕಲ್ಯಾಣ ಮಂಟಪದ ಬಾಗಿಲಲ್ಲಿ ನಿಂತು ಆ ಎರಡು ಬೆರಳಲ್ಲಿ ಅವಳು ತಕಲಿ ತಿರುಗಿಸುತ್ತಿದ್ದಳು. ಟಿಕೆಟ್ ಕೇಳಿದ್ದ ಇಬ್ಬರಲ್ಲಿ ಅವಳೊಬ್ಬಳು. ಪಕ್ಕದಲ್ಲಿ ನಿಂತಿದ್ದ ನಾನು, ಅವಳ ಏಜೆಂಟು, ಏನೇನು ಕೆಡಬಹುದು ಎಂದು ಮನಸ್ಸಿನಲ್ಲೇ ಪಟ್ಟಿ ಮಾಡುತ್ತಿದ್ದೆ.

ಹಟ್ಟಿಯ ಜನರನ್ನು ತರುವ ಟ್ರ್ಯಾಕ್ಟರ್ ದಾರಿಯಲ್ಲಿ ನಿಲ್ಲಬಹುದು. ನಿಲ್ಲದಿದ್ದರೆ ಟ್ರೈಲರಿನ ಪಿನ್ನು ಕಳಚಿ, ಡ್ರೈವರನೊಬ್ಬನೇ ಜಂಬದಿಂದ ಬಂದು ಇಳಿಯಬಹುದು. ಮುದುಕರು ಪಕ್ಷದ ರಸೀದಿ ಬಿಟ್ಟು ರೇಷನ್ ಕಾರ್ಡು ತರಬಹುದು. ರಸೀದಿಯನ್ನು ಮೇಕೆ ತಿಂದಿರಬಹುದು; ಇದು ನನ್ನ ಕಲ್ಪನೆಯಲ್ಲ, ಹಿಂದೊಮ್ಮೆ ತಿಂದಿತ್ತು. ಯಾವುದಾದರೂ ಊರಲ್ಲಿ ಯಾರಾದರೂ ಹಿರಿಯರು ಇವತ್ತೇ ತೀರಿಕೊಂಡು ಜನವೆಲ್ಲ ಮಣ್ಣಿಗೆ ಹೋಗಬಹುದು. ನಮ್ಮ ಕಡೆ ಮಳೆ ಕರೆದರೂ ಬರುವುದಿಲ್ಲ, ಆದರೆ ಇವತ್ತು ಬಂದುಬಿಟ್ಟರೆ? ಕಣದಲ್ಲಿ ರಾಶಿ ಹಾಕಿದವರೆಲ್ಲ ಓಟು ಬಿಟ್ಟು ರಾಶಿ ಮುಚ್ಚಲು ಓಡುತ್ತಾರೆ. ಎದುರಾಳಿ ಕಾಂಟ್ರಾಕ್ಟರು ಹೋಳಿಗೆ ಊಟ ಹಾಕಿಸಿ ನಮ್ಮವರು ಬೇವಿನ ಮರದ ಕೆಳಗೆ ನಿದ್ದೆ ಹೋಗಬಹುದು. ಕೊನೆಗೆ, ಇವೆಲ್ಲ ಆಗುವ ಮೊದಲೇ ನನ್ನ ಎದೆ ನಿಂತುಹೋಗಬಹುದು.

ಇವುಗಳಲ್ಲಿ ಒಂದೂ ಆಗಲಿಲ್ಲ. ಆದದ್ದು ಪಟ್ಟಿಯಲ್ಲೇ ಇರಲಿಲ್ಲ.

ನನ್ನ ಅಂಗಡಿ ಚಳ್ಳಕೆರೆಯಲ್ಲಿ, ಓಟು ಬಿ.ಜಿ. ಕೆರೆಯಲ್ಲಿ. ಅಪ್ಪನ ಕಾಲದಿಂದ ಕಂಬಳಿ ವ್ಯಾಪಾರ. ಅಕ್ಕ ಬಿ.ಜಿ. ಕೆರೆಯಿಂದ ಆಚೆಗಿನ ಒಂದು ಹಟ್ಟಿಯವಳು. ಕುರಿ ಸಾಕುವವರ ನಲವತ್ತು ಮನೆಗಳ ಊರು ಅದು. ಸಂತೆಯ ದಿನ ತಲೆಯ ಮೇಲೆ ಕಂಬಳಿಯ ಹೊರೆ ಹೊತ್ತು ಬರುತ್ತಿದ್ದಳು. ನಮಗೂ ಅವಳಿಗೂ ರಕ್ತಸಂಬಂಧವಿಲ್ಲ, ಕುಲವೂ ಬೇರೆ. ನನ್ನ ಮೊದಲ ಮಗಳು ಹುಟ್ಟಿದಾಗ ಅವಳು ಒಂದು ಪುಟ್ಟ ಕರಿ ಕಂಬಳಿ ತಂದು ನನ್ನ ಹೆಂಡತಿಯ ಕೈಗಿಟ್ಟು, "ಇದ್ರ ಮ್ಯಾಲೆ ಮಲಗ್ಸವ್ವಾ, ಮಗೀಗೆ ಥಂಡಿ ಆಗಲ್ಲ" ಅಂದಳು. ಅವತ್ತಿನಿಂದ ನಮ್ಮ ಮನೆಯವರಿಗೆಲ್ಲ ಅವಳು ಅಕ್ಕ. ಅವಳಿಗೆ ನಾನು "ಗುಬ್ಬಿ ಎದೆ ಸಾವ್ಕಾರ". ಕುರಿಗಳನ್ನು ತೆಲುಗಿನಲ್ಲಿ ಗದರಿಸುತ್ತಿದ್ದಳು, ಮನುಷ್ಯರನ್ನು ಕನ್ನಡದಲ್ಲಿ. ನಾನು ಬಹಳ ಹೆದರಿದಾಗ ಮಾತ್ರ ಕುರಿಗೆ ಹೇಳುವಂತೆ ನನಗೂ "ಪದ, ಪದ" ಅನ್ನುತ್ತಿದ್ದಳು, ನಡಿ ನಡಿ ಎಂದು.

ಪರಿಚಯವಾದ ಹೊಸತರಲ್ಲಿ ಒಮ್ಮೆ, ಸುಮ್ಮನೆ ಮಾತಿಗೆ, "ಕುರಿ ಎಷ್ಟೈದಾವಕ್ಕ?" ಎಂದು ಕೇಳಿದೆ. ಕೈಯಲ್ಲಿದ್ದ ಟೀ ಲೋಟ ಕೆಳಗಿಟ್ಟಳು.

"ಹಂಗೆಲ್ಲಾ ಕೇಳ್ಬಾರ್ದು ಸಾವ್ಕಾರ. ಬಾಯಾಗೆ ಎಣಿಸಿದ್ದು ತ್ವಾಳದ ಬಾಯಿಗೆ ಹೋಗ್ತೈತೆ."

"ಮತ್ತೆ ಒಂದು ಕಳೆದ್ರೆ ಹೆಂಗೆ ಗೊತ್ತಾಗುತ್ತೆ?"

"ಒಂದ್ಸಲ ಹಟ್ಟಿಗೆ ಬಾ, ತೋರಿಸ್ತೀನಿ."

ಹೋದೆ. ಸಂಜೆ ಕುರಿಗಳು ಮುಳ್ಳುಬೇಲಿಯ ಸಂದಿನಿಂದ ರೊಪ್ಪಕ್ಕೆ ನುಗ್ಗುತ್ತಿದ್ದವು. ಧೂಳು, ಅರಚಾಟ; ನನ್ನ ಕಣ್ಣಿಗೆ ಎಲ್ಲವೂ ಒಂದೇ ಕುರಿ. ಅಕ್ಕ ಪಕ್ಕದಲ್ಲಿ ನಿಂತು ತಕಲಿ ತಿರುಗಿಸುತ್ತಿದ್ದಳು, ನೋಡುತ್ತಿರುವ ಹಾಗೂ ಕಾಣಲಿಲ್ಲ. ಕೊನೆಯದು ಒಳಗೆ ಹೋದ ಮೇಲೆ ಅಂದಳು: "ಚುಕ್ಕಿ ಮೋರೇದು ಬಂದಿಲ್ಲ." ಅವಳ ಮೈದುನ ಹಿಂದಕ್ಕೆ ಹೋಗಿ ಹಳ್ಳದ ಜಾಲಿಯ ಪೊದೆಯಿಂದ ಅದನ್ನು ಬಿಡಿಸಿಕೊಂಡು ಬಂದ.

"ಎಷ್ಟೈದಾವೆ ಅಂತ ನೋಡ್ಬಾರ್ದು ಸಾವ್ಕಾರ. ಯಾವ್ದು ಇಲ್ಲ ಅಂತ ನೋಡ್ಬೇಕು."

ದಿನಕ್ಕೆ ಮೂರು ಸಲ ಅಂಗಡಿಯ ಕಂಬಳಿ ಎಣಿಸಿ ಮೂರು ಸಲವೂ ಬೇರೆ ಬೇರೆ ಉತ್ತರ ಪಡೆಯುವ ನನಗೆ ಆ ಮಾತು ಆಗ ಅರ್ಥವಾಗಲಿಲ್ಲ.

ಅವಳನ್ನು ರಾಜಕೀಯಕ್ಕೆ ಎಳೆದದ್ದು ಒಂದು ಬೇಲಿ. ಹಟ್ಟಿಯಿಂದ ಕೆರೆಗೆ ಹೋಗಲು ಅಜ್ಜಂದಿರ ಕಾಲದ ದಾರಿಯಿತ್ತು. ಅದಕ್ಕೆ ಅಡ್ಡವಾಗಿ ಒಂದು ದಾಳಿಂಬೆ ತೋಟದ ತಂತಿಬೇಲಿ ಎದ್ದಿತು. ಕುರಿಗಳು ನೀರಿಗೆ ಹೋಗಬೇಕಾದರೆ ಹೆದ್ದಾರಿಯ ಮೇಲೆ ಸುತ್ತಿಕೊಂಡು ಹೋಗಬೇಕಾಯಿತು. ಲಾರಿಗೆ ಎಷ್ಟು ಸಿಕ್ಕವೋ, ಅದನ್ನೂ ಅವಳು ಹೇಳಲಿಲ್ಲ. ಮೈದುನನ ಕಾಲು ಮುರಿದದ್ದನ್ನು ಮಾತ್ರ ಹೇಳಿದಳು. ಅರ್ಜಿ ಹಿಡಿದು ಯಾವ ಕಚೇರಿಗೆ ಹೋದರೂ ಒಂದೇ ಮಾತು: ನಿಮ್ಮ ಸದಸ್ಯರಿಂದ ಬರೆಸಿಕೊಂಡು ಬಾ. ಆಗಿನ ತಾಲ್ಲೂಕು ಪಂಚಾಯ್ತಿ ಸದಸ್ಯರು ತೋಟದವರ ಬೀಗರು. ಬರೆಯಲಿಲ್ಲ.

ಒಂದು ಸಂತೆಯ ದಿನ ಹೊರೆ ಇಳಿಸಿದವಳೇ ಹೇಳಿದಳು: "ಅವ್ರ ಕೈ ಬರಿಯಲ್ಲ ಅಂತೈತೆ. ಬರಿಯೋ ಕೈನೇ ನಾನಾದ್ರೆ ಹೆಂಗೆ?"

"ಅಕ್ಕಾ, ಚುನಾವಣೆ ಅಂದ್ರೆ ಹುಡುಗಾಟ ಅಲ್ಲ. ಟಿಕೆಟ್ ಕೊಡಲ್ಲ. ಕೊಟ್ರೂ ಸೋಲಿಸ್ತಾರೆ. ಸೋತ್ರೆ ನಗ್ತಾರೆ. ಗೆದ್ರೆ ಇನ್ನೂ ಕಷ್ಟ..."

"ಮುಗೀತಾ? ಪದ, ಪದ. ಅರ್ಜಿ ಬರಿ."

ಜಿಲ್ಲೆಯಿಂದ ಪಕ್ಷದ ವೀಕ್ಷಕರು ಬಂದು ಇಬ್ಬರು ಆಕಾಂಕ್ಷಿಗಳನ್ನೂ ಎದುರು ಕೂರಿಸಿಕೊಂಡರು. ಇನ್ನೊಬ್ಬ ನಮ್ಮೂರಿನ ಕಾಂಟ್ರಾಕ್ಟರು, ಇಸ್ತ್ರಿ ಮುರಿಯದ ಬಿಳಿ ಬಟ್ಟೆಯ, ನಗುಮುಖದ ಮನುಷ್ಯ. ವೀಕ್ಷಕರು ಕೇಳಿದರು: "ನಿಮ್ಮ ಹಿಂದೆ ಎಷ್ಟು ಜನ ಇದ್ದಾರೆ?"

"ಕಣ್ಣು ಮುಚ್ಚಿ ಮೂರು ಸಾವಿರ ಬರ್ಕಳ್ರಿ ಸಾರ್," ಅಂದ ಕಾಂಟ್ರಾಕ್ಟರು.

"ನಿಮಗಮ್ಮಾ?"

"ಹೇಳಂಗಿಲ್ರಿ," ಅಂದಳು ಅಕ್ಕ.

"ಅಂದ್ರೆ?"

"ಕುರೀನೇ ಎಣಿಸಿ ಹೇಳಲ್ಲ ನಾವು. ಜನಾನ ಹೇಳ್ತೀವಾ?"

ಕೋಣೆಯಲ್ಲಿ ನಗು ಎದ್ದಿತು. ವೀಕ್ಷಕರು ಅವಳ ಹೆಸರಿನ ಮುಂದೆ ಸೊನ್ನೆ ಬರೆದದ್ದು ನನಗೆ ಕಂಡಿತು. ಬಾಗಿಲ ಹತ್ತಿರ ನಿಂತಿದ್ದ ನಾನು ಬೆವತುಹೋದೆ. ನನ್ನ ಜೇಬಿನಲ್ಲಿ ಹಟ್ಟಿ ಹಟ್ಟಿಗೂ ಹೆಸರು ಬರೆದುಕೊಂಡ ಪುಸ್ತಕವಿತ್ತು, ಕೊನೆಯ ಪುಟದಲ್ಲಿ ಕೂಡಿಸಿದ ಸಂಖ್ಯೆಯೂ ಇತ್ತು. "ಸಾರ್, ನಮ್ಮ ಹತ್ರ..." ಎಂದು ಅದನ್ನು ಹೊರಗೆ ತೆಗೆದೆ. ಅಕ್ಕ ತಿರುಗಿ ನೋಡಿದ ನೋಟಕ್ಕೆ ಪುಸ್ತಕ ತಾನಾಗಿಯೇ ಜೇಬಿಗೆ ಇಳಿಯಿತು.

"ಅಲ್ಲಮ್ಮಾ, ಇದು ಹೆಂಗಸರ ಸೀಟೂ ಅಲ್ಲ," ಅಂದರು ವೀಕ್ಷಕರು, ಸಮಾಧಾನದ ದನಿಯಲ್ಲಿ.

"ಗಂಡಸ್ರ ಸೀಟು ಅಂತ ಏನಾರ ಬರ್ದೈತೇನ್ರಿ?" ಅಕ್ಕ ದನಿ ಏರಿಸಲಿಲ್ಲ. "ಅವ್ರು ಮೂರು ಸಾವಿರ ಅಂದ್ರು, ನೀವು ಬರ್ಕೊಂಡ್ರಿ. ನಾನು ಐದು ಸಾವಿರ ಅಂದಿದ್ರೂ ಬರ್ಕೊಂತಿದ್ರಿ. ಬಾಯಿ ಮಾತು ಬ್ಯಾಡ. ಒಂದಿನ ಗೊತ್ತು ಮಾಡ್ರಿ. ಪಕ್ಷದ ರಸೀದಿ ಇರೋರೆಲ್ಲಾ ಬರ್ಲಿ, ಚೀಟಿ ಹಾಕ್ಲಿ. ನನಗೆ ಕಮ್ಮಿ ಬಿದ್ರೆ ನಾನೇ ಇವ್ರ ಬಾವುಟ ಹಿಡ್ಕಂಡು ಹಟ್ಟಿ ಹಟ್ಟಿ ತಿರುಗ್ತೀನಿ. ಇವ್ರಿಗೆ ಕಮ್ಮಿ ಬಿದ್ರೆ ನಂದು ಇವ್ರು ಹಿಡೀಲಿ."

ಮೂರು ಸಾವಿರ ಎಂದು ಅದೇ ತಾನೇ ಬರೆಸಿದ್ದ ಕಾಂಟ್ರಾಕ್ಟರು ಬೇಡ ಎನ್ನುವಂತಿರಲಿಲ್ಲ.

ಹೊರಗೆ ಬಂದ ಮೇಲೆ ನಾನು ಸಿಟ್ಟಾದೆ. "ಒಂದು ಸಂಖ್ಯೆ ಹೇಳಿದ್ರೆ ಏನು ಗಂಟು ಹೋಗ್ತಿತ್ತಕ್ಕ? ಅಲ್ಲೇ ಹೆಸರು ಹೊಡೆದು ಹಾಕ್ತಿದ್ರು!"

"ಹೊಡಿಲಿಲ್ವಲ್ಲ," ಅಂದಳು. ಕಂಕುಳ ಚೀಲದಿಂದ ಉಣ್ಣೆ ತೆಗೆದು ಮತ್ತೆ ತಕಲಿ ತಿರುಗಿಸತೊಡಗಿದಳು. "ಎದಿ ಮ್ಯಾಲೆ ಕೈ ಇಟ್ಕೊಂಡು ಹೇಳು ಸಾವ್ಕಾರ, ನಿನ್ನ ಪುಸ್ತಕದಾಗೆ ಇರೋರೆಲ್ಲಾ ಬರ್ತಾರಾ?"

ಅದನ್ನು ಕೇಳಬಾರದಿತ್ತು. ಆ ವಾರ ನಾನು ನಿದ್ದೆ ಮಾಡಲಿಲ್ಲ.

ಆ ವರ್ಷದ ಸದಸ್ಯತ್ವ ನವೀಕರಿಸಿದವರಿಗಷ್ಟೇ ಓಟು ಎಂಬ ನಿಯಮ ಬಂತು. ಗಡುವಿಗೆ ಹತ್ತು ದಿನ. ಅಂಗಡಿಯನ್ನು ಹೆಂಡತಿಗೆ ಒಪ್ಪಿಸಿ, ರಸೀದಿ ಪುಸ್ತಕ ಹಿಡಿದು ಸ್ಕೂಟರಿನಲ್ಲಿ ಊರೂರು ಸುತ್ತಿದೆ. ಕುರಿ ಹಿಂದೆ ಹೋದವರನ್ನು ಹುಡುಕಿಕೊಂಡು ಅಡವಿಗೆ ಹೋದೆ. ಬ್ರಹ್ಮಗಿರಿಯ ತಪ್ಪಲಿನಲ್ಲಿ ಮಂದೆ ಬಿಟ್ಟಿದ್ದ ಅಣ್ಣತಮ್ಮಂದಿರಿಬ್ಬರಿಗೆ ಬಂಡೆಯ ಮೇಲೆ ಕೂತು ರಸೀದಿ ಬರೆದೆ. ದೊಡ್ಡವನು ಹೆಬ್ಬೆಟ್ಟು ಒತ್ತಿ ಕೇಳಿದ: "ಅಕ್ಕ ಗೆದ್ರೆ ದಾರಿ ಬಿಡ್ತಾರೇನ್ರಿ?" ನಾನು ಚಿಂತೆಯ ಮನುಷ್ಯ, ನನಗೆ ಗೊತ್ತಿದ್ದ ನಿಜವಾದ ಉತ್ತರ "ನೋಡೋಣ". ಆದರೆ ನನ್ನ ಬಾಯಿಂದ "ಬಿಡಿಸ್ತಾಳೆ" ಎಂದು ಬಂತು. ಆಡಿದ ಮೇಲೆ ನನಗೇ ಆಶ್ಚರ್ಯ.

ಓಟಿನ ದಿನ ಟ್ರ್ಯಾಕ್ಟರ್ ನಿಲ್ಲಲಿಲ್ಲ, ಪಿನ್ನು ಕಳಚಲಿಲ್ಲ. ಮೋಡವೂ ಇರಲಿಲ್ಲ. ಕಾಂಟ್ರಾಕ್ಟರು ಹೋಳಿಗೆ ಊಟವನ್ನೇನೋ ಹಾಕಿಸಿದ; ನಮ್ಮವರು ಓಟು ಹಾಕಿದ ಮೇಲೆ ಹೋಗಿ ನಿಶ್ಚಿಂತೆಯಿಂದ ಉಂಡರು. ಓಟು ಹಾಕಿದವರ ಎಡಗೈ ಬೆರಳಿಗೆ ಮಸಿ ಹಚ್ಚುತ್ತಿದ್ದರು. ಅಕ್ಕ ಎಲ್ಲರಿಗಿಂತ ಮೊದಲು ತನ್ನ ಚೀಟಿ ಹಾಕಿ ಬಂದು, ಬಾಗಿಲ ಪಕ್ಕ ನಿಂತು ತಕಲಿ ತಿರುಗಿಸುತ್ತಾ ಹೋಗಿ ಬರುವವರನ್ನು ನೋಡುತ್ತಿದ್ದಳು. ನಾನು ಪುಸ್ತಕದಲ್ಲಿ ಗುರುತು ಹಾಕುತ್ತಿದ್ದೆ.

ಮುಗಿಯಲು ಅರ್ಧ ಗಂಟೆ ಇದ್ದಾಗ ಅವಳು ಮೆಲ್ಲಗೆ ಅಂದಳು: "ಒಬ್ಬ ಬಂದಿಲ್ಲ."

"ಯಾರು?"

"ನೋಡ್ಕೊ. ನಿನ್ನ ಪುಸ್ತಕ ಐತಲ್ಲ."

ನೋಡಿದೆ. ಎಲ್ಲ ಹೆಸರಿಗೂ ಗುರುತು ಬಿದ್ದಿತ್ತು. ಮತ್ತೆ ನೋಡಿದೆ. ಪುಟ ಅಂಟಿಕೊಂಡಿದೆಯೇ ಎಂದು ಎಂಜಲು ಹಚ್ಚಿ ಬಿಡಿಸಿದೆ. ಊಟದ ಪಂಕ್ತಿಗೆ ಓಡಿ ಉಣ್ಣುತ್ತಿದ್ದವರ ಎಡಗೈ ಎತ್ತಿಸಿ ಬೆರಳು ನೋಡಿದೆ. "ಇದೇನ್ರಿ ಇದು, ಕಳ್ಳರನ್ನ ಹಿಡಿಯೋರಂಗೆ," ಎಂದು ಒಬ್ಬಾತ ಗದರಿದ. ಬಸ್ ನಿಲ್ದಾಣಕ್ಕೆ ಹೋಗಿ ಬಂದೆ. ಎಲ್ಲರೂ ಬಂದಿದ್ದರು. "ನಿನ್ನ ಕಣ್ಣು ತಪ್ಪಿರಬೇಕಕ್ಕ," ಎಂದೆ, ಏದುಸಿರು ಬಿಡುತ್ತಾ. ಅಷ್ಟರಲ್ಲಿ ಬಾಗಿಲು ಹಾಕಿದರು.

ಅಕ್ಕ ಗೆದ್ದಳು. ಎಷ್ಟು ಓಟಿನಿಂದ ಎಂದು ಬರೆಯಲು ಕೈ ಬರುತ್ತಿಲ್ಲ, ಅವಳಿಗೆ ಹಿಡಿಸುತ್ತಿರಲಿಲ್ಲ. ಕಾಂಟ್ರಾಕ್ಟರು ಮಾತಿಗೆ ತಪ್ಪದೆ, ಮುಖ ಗಂಟು ಹಾಕಿಕೊಂಡೇ ಅವಳ ಬಾವುಟ ಹಿಡಿದ. ಆಮೇಲಿನ ಚುನಾವಣೆಯನ್ನೂ ಅವಳು ಗೆದ್ದಳು. ಮೊದಲ ಸಭೆಗೆ ತಕಲಿ ತೆಗೆದುಕೊಂಡೇ ಹೋಗಿ, ಹಳೆ ನಕ್ಷೆಯಲ್ಲಿ ಆ ದಾರಿ ಇದೆಯೋ ಇಲ್ಲವೋ ತೋರಿಸಿ ಎಂದು ಪಟ್ಟು ಹಿಡಿದಳು. ಪ್ರತಿ ಸಭೆಯಲ್ಲೂ ಅದೇ ಪ್ರಶ್ನೆ, ಅದೇ ದನಿ. ಎರಡು ವರ್ಷ ಹಿಡಿಯಿತು. ಅಳತೆಯವರು ಬಂದು ಸರಪಳಿ ಹಿಡಿದ ದಿನ, ತೋಟದವರು ತಾವೇ ತಂತಿ ಬಿಚ್ಚಿಕೊಂಡರು. ಕುರಿಗಳು ಆ ದಾರಿಯನ್ನು ಮರೆತಿರುತ್ತವೆ ಎಂದು ನಾನು ಹೆದರಿದ್ದೆ. ಅವು ಮರೆತಿರಲಿಲ್ಲ.

ಅವಳ ಅವಧಿ ಮುಗಿದ ಮೇಲೆ ತಾಲ್ಲೂಕು ಪಂಚಾಯ್ತಿಗೆ ಚುನಾವಣೆಯೇ ಆಗಿಲ್ಲ. ಹೋದ ವರ್ಷ ಚಳಿಗಾಲದಲ್ಲಿ ಅಕ್ಕ ಹೋದಳು. ಕೊನೆಯ ದಿನಗಳಲ್ಲಿ ಚಳ್ಳಕೆರೆಯ ಆಸ್ಪತ್ರೆಯಲ್ಲಿ ನೋಡಲು ಹೋದಾಗ, ಬರಿಗೈಯ ಆ ಎರಡು ಬೆರಳು ಹೊದಿಕೆಯ ಮೇಲೆ ಒಂದಕ್ಕೊಂದು ಉಜ್ಜುತ್ತಲೇ ಇದ್ದವು. ಮಂಚದ ಸುತ್ತ ನಿಂತವರ ಮೇಲೆ ಕಣ್ಣಾಡಿಸಿ, "ಎಲ್ಲಾರೂ ಬಂದೀರಿ," ಅಂದಳು. ನಾನು ನನ್ನನ್ನೂ ಸೇರಿಸಿಕೊಂಡು ನೋಡಿದೆ. ಹೌದು, ಎಲ್ಲರೂ ಬಂದಿದ್ದೆವು.

ಈಗ ಮತ್ತೆ ಚುನಾವಣೆಯ ಮಾತು ಎದ್ದಿದೆ. ಅವಳ ಮೈದುನನ ಸೊಸೆ ಟಿಕೆಟ್ ಕೇಳುತ್ತಾಳಂತೆ, ರಸೀದಿ ಪುಸ್ತಕ ನನ್ನ ಮೇಜಿಗೆ ಬಂದು ಕೂತಿದೆ. ಮೊದಲ ರಸೀದಿ ಹರಿದದ್ದು ನನ್ನ ಹೆಸರಿಗೆ. ಕಾರಣ ಇಷ್ಟೇ.

ಟಿಕೆಟ್ ಗೆದ್ದ ಆ ಸಂಜೆ ಟ್ರ್ಯಾಕ್ಟರಿನ ಟ್ರೈಲರಿನಲ್ಲಿ ಎಲ್ಲರ ನಡುವೆ ಕೂತು ಹಟ್ಟಿಗೆ ಹೋಗುತ್ತಿದ್ದೆವು. ಹೆಂಗಸರು ಹಾಡುತ್ತಿದ್ದರು. ನನಗೆ ಗೆಲುವಿನ ಸಮಾಧಾನವೂ ಇರಲಿಲ್ಲ.

"ಅಕ್ಕಾ, ಬರದೆ ಇದ್ದೋನು ಯಾರು? ಹೇಳಿಬಿಡು."

ಅವಳು ನನ್ನ ಎಡಗೈ ಎಳೆದುಕೊಂಡು ತೋರುಬೆರಳನ್ನು ಬೆಳಕಿಗೆ ಹಿಡಿದಳು. ಅದು ಮಸಿಯಿಲ್ಲದೆ ಬೆಳ್ಳಗಿತ್ತು.

ಪುಸ್ತಕ ತೆಗೆದು ನೋಡಿದೆ. ಬ್ರಹ್ಮಗಿರಿಯ ಬಂಡೆಯ ಮೇಲೆ ಬರೆದ ಅಣ್ಣತಮ್ಮಂದಿರಿದ್ದರು, ಮೇಕೆ ರಸೀದಿ ತಿಂದಿದ್ದ ಅಜ್ಜನಿದ್ದ. ಹತ್ತು ದಿನ ಅಷ್ಟು ಜನರಿಗೆ ರಸೀದಿ ಬರೆದ ನಾನು ನನಗೊಂದು ಬರೆದುಕೊಂಡಿರಲಿಲ್ಲ.

"ಆಗ್ಲೇ ಬಾಯಿಬಿಟ್ಟು ಹೇಳಿದ್ರೆ ಅಷ್ಟು ಓಡೋದಾದ್ರೂ ತಪ್ತಿತ್ತಲ್ಲಕ್ಕ?"

"ಹೇಳಿದ್ನಲ್ಲೋ, ಒಬ್ಬ ಬಂದಿಲ್ಲ ಅಂತ. ನೀನು ಊರೆಲ್ಲಾ ಹುಡುಕಿದೆ."

ಟ್ರೈಲರಿನವರೆಲ್ಲ ನಕ್ಕರು. ಅಕ್ಕ ನಗಲಿಲ್ಲ. ತಕಲಿ ಮಡಿಲಲ್ಲಿಟ್ಟು, ತನ್ನ ಎರಡು ಕರಿಬೆರಳುಗಳ ನಡುವೆ ನನ್ನ ಬೆರಳನ್ನು ಹಿಡಿದು ಗಟ್ಟಿಯಾಗಿ ಉಜ್ಜಿದಳು, ಉಗುರಿನ ಬುಡ ಕಪ್ಪಾಗುವವರೆಗೆ.

"ತಗಾ. ಈಗ ಎಲ್ಲಾರೂ ಬಂದಂಗಾತು."

ಆ ಜಿಡ್ಡು ಎರಡು ದಿನ ಹೋಗಲಿಲ್ಲ. ಎಡಗೈ ಆದ್ದರಿಂದ ಊಟಕ್ಕೇನೂ ತೊಂದರೆಯಾಗಲಿಲ್ಲ.