ಗರ್ನಾಲಿಗೆ ಹೆದರಿದ ಬೊಳ್ಳು

“ಇವನಿಗೆ ಕಾಯಿಲೆ ಎಂತದ್ದೂ ಇಲ್ಲ ಅಮ್ಮ. ಹೆದರಿದ್ದಾನೆ. ಹೆದರಿಕೆಯೂ ನೋವೇ ಅಲ್ವಾ?” ಎಂದರು ಪಶುವೈದ್ಯೆ, ನಮ್ಮ ನಾಯಿ ಬೊಳ್ಳುವಿನ ಕಿವಿ ಸವರುತ್ತಾ. ಗುತ್ತಿಗಾರಿನ ನಮ್ಮ ತೋಟಕ್ಕೆ ಬಂದ ಆನೆಯನ್ನು ಓಡಿಸಲು ಗರ್ನಾಲು ಪಟಾಕಿ ಸಿಡಿಸಿದ ಮೇಲೆ ಬೊಳ್ಳು ಅನ್ನ ಮುಟ್ಟಿರಲಿಲ್ಲ. ಇನ್ನು ಬದುಕುವುದಿಲ್ಲವೆಂದು ಅಮ್ಮ ಅಳುತ್ತಿದ್ದರು.

“ಗರ್ನಾಲು ಬಿಡುವಾಗ ಇವನನ್ನು ಮನೆಯೊಳಗೆ ಕರ್ಕೊಂಡು ಹತ್ತಿರ ಕೂತ್ಕೊಳ್ಳಿ.”

“ನಾಯಿ ಒಳಗಾ? ದೇವರ ಕೋಣೆ ಉಂಟಲ್ಲ ಡಾಕ್ಟ್ರೆ!”

“ದೇವರ ಕೋಣೆಗೆ ಬಾಗಿಲಿಲ್ವಾ?”

ಅಳುತ್ತಿದ್ದ ಅಮ್ಮ ನಕ್ಕುಬಿಟ್ಟರು. ನಮ್ಮ ಮನೆಯಲ್ಲಿ ಮೊದಲು ಡಿಗ್ರಿ ಮುಗಿಸಿದವಳು ನಾನು. ಎಲ್ಲಿ ಹೋದರೂ ಅಲ್ಲಿಯವರು ಹೇಳಿದ್ದನ್ನು ಅಮ್ಮನಿಗೆ ಬಿಡಿಸಿ ಹೇಳುವುದು ನನ್ನ ಕೆಲಸ. ಅಂದು ಆ ಕೆಲಸವೇ ಬೀಳಲಿಲ್ಲ.

ಈಗ ಆನೆ ಬಂತೆಂದರೆ ಅಮ್ಮ ದೇವರ ಕೋಣೆಯ ಬಾಗಿಲು ಹಾಕಿ, ಬೊಳ್ಳುವನ್ನು ತಮ್ಮ ಚಾಪೆಗೇ ಕರೆಯುತ್ತಾರೆ. ಬೆಳಿಗ್ಗೆ ಅದು ತಟ್ಟೆ ನೆಕ್ಕುವುದನ್ನು ಕಂಡಾಗಲೆಲ್ಲ ಆ ಡಾಕ್ಟರನ್ನು ನೆನೆಯುತ್ತೇವೆ.